ಶಾಸ್ತ್ರದಾನ ಪೂರ್ಣವಾಗುವುದು ಯಾವಾಗ?

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಮ್ಮ ಆಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು 1944ರಲ್ಲಿ ತಮ್ಮ ಆಸ್ತಿಯನ್ನು ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ ಅರ್ಪಿಸಿದರು. ಅವರ ಹೆಸರಿನ ಗ್ರಂಥಮಾಲೆಯೇ ಶಾಸ್ತ್ರದಾನಕ್ಕೆ ಸಾಕ್ಷಿ. ಆದರೆ ಗ್ರಂಥವನ್ನು ಓದಬೇಕಾದವರ ವಿದ್ಯಾಭ್ಯಾಸವೇ ನಡುವೆ ನಿಂತರೆ?

ಅಕ್ಕಲಕೋಟೆಯಿಂದ ಸೊಲ್ಲಾಪುರದ ಕಾಲೇಜಿಗೆ ಸುಮಾರು 40 ಕಿಲೋಮೀಟರ್. ವಿದ್ಯಾರ್ಥಿವೇತನವು ಶುಲ್ಕದ ಒಂದು ಪಾಲನ್ನು ಭರಿಸಬಹುದು. ಬಸ್ಸು, ಊಟ, ಕೊಠಡಿ, ಪುಸ್ತಕಗಳ ವೆಚ್ಚ ತಂದೆತಾಯಿಗಳ ಮೇಲೆಯೇ ಉಳಿಯುತ್ತದೆ. ಎಷ್ಟೋ ಮಕ್ಕಳ ಓದು ನಿಲ್ಲುವುದು ಈ ಉಳಿದ ಪಾಲಿನಿಂದ. ವಿದ್ಯಾರ್ಥಿಗೆ ನೀಡಿದ ಆಹಾರದಾನವೂ ಶಾಸ್ತ್ರದಾನವೇ ಅಲ್ಲವೇ?

ಜೈನ ಕುಲದಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಬಡಮಕ್ಕಳಿಗೆ ದುಡಿಯುತ್ತ ಕಲಿಯುವ ದಾರಿ ತೋರಿದರು. ಆ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೇ ಧಾರೆಯೆರೆದರು. ಮಕ್ಕಳು ಯಾಚಕರಾಗಲಿಲ್ಲ, ಹಿರಿಯರು ಕೈಬಿಡಲೂ ಇಲ್ಲ.

ಕೊಡುವವರಲ್ಲಿ ಮಾನಕಷಾಯವಾಗಲಿ, ಪಡೆಯುವವರಲ್ಲಿ ದೈನ್ಯವಾಗಲಿ ಹುಟ್ಟಬಾರದು. ಆದ್ದರಿಂದ ನೆರವು ಪಡೆದವರ ಹೆಸರನ್ನು ಸಭೆಯಲ್ಲಿ ಓದುವುದು ಬೇಡ. ಅವರು ಗಳಿಸುವ ಕಾಲಕ್ಕೆ ಇನ್ನೊಬ್ಬರ ಉಳಿದ ಪಾಲನ್ನು ಹೊರಲಿ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಆ ಪಾಲು ನಮ್ಮೆಲ್ಲರದು.