ನೋಡುವವರ ಋಣ

ಶ್ರೀರಂಗಪಟ್ಟಣದ ದಸರೆಯಲ್ಲಿ ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಟಾಗ ಆನೆಯ ಜತೆಗೆ ಜನಪದ ತಂಡಗಳೂ ಹೆಜ್ಜೆ ಹಾಕುತ್ತವೆ. ನನ್ನ ಕಣ್ಣು ಹುಡುಕುವುದು ಪೂಜಾ ಕುಣಿತದವರನ್ನು. ಬಿದಿರಿನ ಚೌಕಟ್ಟು, ಅದಕ್ಕೆ ಬಣ್ಣದ ಸೀರೆಗಳು, ನಡುವೆ ದೇವಿಯ ಮುಖ. ಇದೇ ‘ಪೂಜೆ’. ಅಷ್ಟನ್ನೂ ತಲೆಯ ಮೇಲೆ ಹೊತ್ತು ಕೈಬಿಟ್ಟು ಕುಣಿಯುತ್ತಾರೆ. ಈ ಕುಣಿತಕ್ಕೆ ಹಾಡಿಲ್ಲ, ಕಥೆಯಿಲ್ಲ. ತಮಟೆಯ ಗತ್ತೇ ಎಲ್ಲ. ಊರಹಬ್ಬದಲ್ಲಾದರೆ ಇದು ಶಕ್ತಿದೇವತೆಯ ಸೇವೆ. ಇಲ್ಲಿ ಇಕ್ಕೆಲಗಳಲ್ಲಿ ನಿಂತವರಲ್ಲಿ ಹೆಚ್ಚಿನವರು ಪ್ರವಾಸಿಗರು.

ದೇವರ ಮುಂದಿನ ಕುಣಿತ ಪ್ರವಾಸಿಗರ ಮುಂದೆ ಬಂದು ಕೆಟ್ಟಿತು ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ, ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆಗೆ, ನಾಗಮಂಗಲದ ಆದಿಚುಂಚನಗಿರಿಗೆ ಬರುವವರೂ ಪರವೂರಿನವರೇ. ದಾರಿಹೋಕರ ಎದುರು ಕುಣಿಯುವುದು ಈ ಸೀಮೆಗೆ ಹೊಸದಲ್ಲ. ಆದರೆ ಜಾತ್ರೆಗೆ ಬಂದವನು ಬರಿಗೈಯಲ್ಲಿ ನಿಲ್ಲುತ್ತಿರಲಿಲ್ಲ. ಪೂಜೆ ಹತ್ತಿರ ಬಂದರೆ ಚಪ್ಪಲಿ ಬಿಟ್ಟು ದಾರಿ ಕೊಡುತ್ತಿದ್ದ, ಕಾಯಿ ಒಡೆಸುತ್ತಿದ್ದ, ನಿದ್ದೆಗೆಟ್ಟು ಕಾಯುತ್ತಿದ್ದ. ನೋಡುವುದೂ ಒಂದು ಸೇವೆಯಾಗಿತ್ತು.

ನಮ್ಮ ಕಡೆಯವರು ರಾಜಸ್ಥಾನಕ್ಕೆ ಹೋದರೆ ಜೈಸಲ್ಮೇರಿನ ಮರಳುದಿಬ್ಬಗಳ ನಡುವಿನ ಶಿಬಿರದಲ್ಲಿ ಕಾಲಬೇಲಿಯಾ ನೃತ್ಯ ನೋಡಿ ಬರುತ್ತಾರೆ. ಕಾಲಬೇಲಿಯಾಗಳು ಹಾವಾಡಿಗರು. 1972ರ ವನ್ಯಜೀವಿ ಕಾಯ್ದೆಯ ನಂತರ ಹಾವಿನ ಬದುಕು ಕೈತಪ್ಪುತ್ತಾ ಬಂತು, ಕುಣಿತವೇ ಅನ್ನವಾಯಿತು. 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕುಣಿಯುವ ಹೆಣ್ಣುಮಕ್ಕಳಿಗೆ ಪ್ರವಾಸಿಗರು ಬೇಕು. ಅದನ್ನು ಕಂಡು ಮೂಗುಮುರಿಯುವುದು ಹೊಟ್ಟೆ ತುಂಬಿದವರ ಮಾತು. ಅಲ್ಲಿ ಕೈತಟ್ಟಿ ಬಂದವರು ತಮ್ಮೂರಿನ ಸೋಮನ ಕುಣಿತದ ಎದುರು ಹತ್ತು ನಿಮಿಷ ನಿಲ್ಲದಿದ್ದಾಗ ಮಾತ್ರ ನನಗೆ ಸಂಕಟವಾಗುತ್ತದೆ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾದ ಮೇಲೂ ಹಳ್ಳಿಯ ಹಾಡು, ಕುಣಿತಗಳ ಬೆನ್ನು ಬಿಡಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಬಳಿ ಜಾನಪದ ಲೋಕವನ್ನೇ ಎಬ್ಬಿಸಿದರು. ಅದನ್ನು ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ಮಾಡಿದ್ದು ದಾರಿಹೋಕರ ಮೇಲಿನ ನಂಬಿಕೆಯಿಂದ ಎಂದೇ ನನಗನ್ನಿಸುತ್ತದೆ. ಹೋಗುವವನು ಗಾಡಿ ನಿಲ್ಲಿಸುತ್ತಾನೆ, ಒಳಗೆ ಬರುತ್ತಾನೆ ಎಂಬ ನಂಬಿಕೆ. ಆ ನಂಬಿಕೆಗೆ ನಾವು ತಕ್ಕವರಾಗಿದ್ದೇವೆಯೇ?

ಊರಲ್ಲಿ ಪೂಜೆ ಗುಡಿ ಮುಟ್ಟಿದಾಗ ಕುಣಿತ ನಿಲ್ಲುತ್ತದೆ. ವೇದಿಕೆಯಲ್ಲಿ ಗಡಿಯಾರ ನಿಲ್ಲಿಸುತ್ತದೆ, ಇಲ್ಲವೇ ಗಣ್ಯರ ಕಾರು. ತಮಟೆ ಕಾದು, ಮೈ ಬಿಸಿಯೇರಿ, ಹೆಜ್ಜೆ ಹದಕ್ಕೆ ಬರುವ ಹೊತ್ತಿಗೆ ‘ಸಾಕು, ಮುಗಿಸಿ’ ಎಂದು ಕೈಸನ್ನೆ ಮಾಡುತ್ತಾರೆ. ಅಷ್ಟು ಭಾರ ಹೊತ್ತವನ ಕತ್ತಿನ ನರ ಉಬ್ಬಿರುವುದನ್ನು ಯಾರೂ ನೋಡುವುದಿಲ್ಲ. ಇನ್ನೊಬ್ಬ ಅವನ ಪಕ್ಕಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಾನೆ, ಹೆಸರು ಕೇಳುವುದಿಲ್ಲ.

ಹೋಟೆಲ್ಲಿಗೋ ಮದುವೆಗೋ ಉತ್ಸವಕ್ಕೋ ತಂಡ ಕರೆಸುವವರು ಮೊದಲು ಅವರನ್ನೇ ಕೇಳಲಿ: ಎಷ್ಟು ಹೊತ್ತು ಬೇಕು, ಪೂಜೆ ಇಳಿಸಲು ಎಂಥ ಜಾಗ ಆಗಬೇಕು, ಒಪ್ಪತ್ತು ಇರುವವರು ಎಷ್ಟು ಮಂದಿ. ಅತಿಥಿಗಳಿಗೆ ಹಾಕಿದ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಲಿ. ಸಂಭಾವನೆ ಅದೇ ಸಂಜೆ ಕೈಸೇರಲಿ, ನಾಗಮಂಗಲದ ಕೊನೆಯ ಬಸ್ಸು ಹೊರಡುವ ಮುಂಚೆ.