ಹಾಳುಗುಡಿಯ ಒಕ್ಕಲು

ಐಹೊಳೆಯ ಗುಡಿಗಳಲ್ಲಿ ಒಂದಕ್ಕೆ ಲಾಡಖಾನನ ಗುಡಿಯೆಂದು ಹೆಸರು. ಅದು ಒಳಗಿನ ದೇವರ ಹೆಸರೂ ಅಲ್ಲ, ಕಟ್ಟಿಸಿದ ಅರಸನ ಹೆಸರೂ ಅಲ್ಲ. ಹಿಂದೊಮ್ಮೆ ಅದರೊಳಗೆ ಮನೆಮಾಡಿಕೊಂಡಿದ್ದ ಒಬ್ಬ ಮುಸಲ್ಮಾನ ಗೃಹಸ್ಥನ ಹೆಸರು. ಕಲ್ಲು ಕಡೆದವನನ್ನು ಮರೆತ ಜನರು ಅಲ್ಲಿ ಒಲೆ ಹೂಡಿದವನನ್ನು ಮರೆಯಲಿಲ್ಲ. ಬಹುಕಾಲದ ವಾಸದಿಂದ ಒಂದು ಬಗೆಯ ಸ್ವಾಮ್ಯವು ಹುಟ್ಟುವದೆಂಬ ಭಾವನೆಯು ಹುನಗುಂದ ಸೀಮೆಯವರಲ್ಲಿ ಎಷ್ಟು ಸಹಜವಾಗಿರುವದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಹಾಗಿದ್ದರೆ, ಹಳೆಯ ಗುಡಿಗಳ ಕತ್ತಲೆಯಲ್ಲಿ ತಲೆಮಾರುಗಳಿಂದ ತೂಗಾಡುತ್ತ ಬಂದಿರುವ ಬಾವಲಿಗೆ ಆ ಸ್ವಾಮ್ಯದಲ್ಲಿ ಏನಾದರೂ ಪಾಲುಂಟೋ? ಪ್ರಶ್ನೆಯನ್ನು ಕೇಳಿದೊಡನೆ ನಗು ಬರುವದು. ಆದರೆ ನಕ್ಕು ಮುಗಿಸುವಷ್ಟು ಹಗುರವಾದ ಪ್ರಶ್ನೆ ಇದಲ್ಲ.

ಸಂಸ್ಕೃತದಲ್ಲಿ ಬಾವಲಿಗೆ ಅಜಿನಪತ್ರಾ ಎಂಬ ಹೆಸರುಂಟು. ತೊಗಲೇ ರೆಕ್ಕೆಯಾದದ್ದು ಎಂದರ್ಥ. ಕನ್ನಡದ ತೊಗಲುಬಾವಲಿಯೂ ಅದನ್ನೇ ಹೇಳುವದು. ಹಾರಿದರೂ ಅದು ಹಕ್ಕಿಯಲ್ಲ. ಮರಿ ಹಾಕಿ ಮೊಲೆಯೂಡಿಸುವ ಪ್ರಾಣಿ. ಗುಡಿ, ಕೋಟೆ, ಹಾಳುಬಾವಿಗಳನ್ನು ಸೇರುವವುಗಳಲ್ಲಿ ಬಹಳಷ್ಟು ಸಣ್ಣ ಜಾತಿಯವು. ಸಂಜೆಗೆ ಹೊರಬಿದ್ದು ಹುಳುಹುಪ್ಪಡಿಗಳನ್ನು ಹಿಡಿದು ತಿಂದು ಬೆಳಗಾಗುವದರೊಳಗೆ ತಿರುಗಿ ಬರುವವು. ಜೋಳ ಹತ್ತಿಗಳ ರೈತನಿಗೆ ಇವು ಕೂಲಿ ಕೇಳದ ಕಾವಲುಗಾರರೆಂದು ಇವುಗಳ ಪಕ್ಷದವರು ಹೇಳುತ್ತಾರೆ. ಮಾತು ನಿಜವೇ. ಆದರೆ ಉಪಕಾರವಾಗುವದೆಂಬ ಕಾರಣಕ್ಕೆ ಮಾತ್ರ ಒಂದು ಜೀವವನ್ನು ಬದುಕಗೊಡುವದು ವ್ಯಾಪಾರವಾದೀತು, ಧರ್ಮವಾಗಲಾರದು. ಉಪಕಾರ ನಿಂತ ದಿನ ಏನು ಮಾಡುವದು? ಆ ಲೆಕ್ಕವನ್ನು ಇಲ್ಲಿ ಬದಿಗಿಡುವದು ಒಳ್ಳೆಯದು.

ಬಾವಲಿಯ ಮೇಲಿನ ಫಿರ್ಯಾದಿಯೂ ಸುಳ್ಳಲ್ಲ. ಅದರ ಹಿಕ್ಕೆ ಮೂತ್ರಗಳಿಂದ ಕಲ್ಲಿಗೂ ಬಣ್ಣಕ್ಕೂ ಕೇಡುಂಟು. ಬಾದಾಮಿಯ ಮೂರನೆಯ ಗವಿಯಲ್ಲಿ ಮಂಗಲೇಶನ ಕ್ರಿ. ಶ. 578ರ ಶಾಸನವಿರುವದು, ಅಲ್ಲಿಯೇ ಮಾಸಿಹೋದ ವರ್ಣಚಿತ್ರಗಳ ತುಣುಕುಗಳೂ ಉಳಿದಿರುವವು. ಅಂಥಲ್ಲಿ ಬಾವಲಿ ನೆಲಸಲೆಂದು ಯಾರೂ ವಾದಿಸಲಾರರು. ಅಳಿದ ಚಿತ್ರವನ್ನು ತಿರುಗಿ ಬರೆಯುವ ಕೈ ಈಗಿಲ್ಲ. ರೋಗದ ಭಯವೂ ಬರಿಯ ಭ್ರಮೆಯಲ್ಲ. 2018ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ಜನರನ್ನು ಕೊಂದ ನಿಪಾ ಜ್ವರದ ವಿಷಾಣುವಿಗೆ ಹಣ್ಣು ತಿನ್ನುವ ದೊಡ್ಡ ಬಾವಲಿಯೇ ಆಶ್ರಯ. ಅದು ಕಚ್ಚಿಬಿಟ್ಟ ಹಣ್ಣನ್ನು ತಿನ್ನದಿರುವದು ವಿವೇಕ. ಅದನ್ನು ಕಂಡಕಂಡಲ್ಲಿ ಬಡಿದು ಕೆಡವುವದು ವಿವೇಕವಲ್ಲ.

ಹೀಗೆ ಒಂದು ಕಡೆಗೆ ಶೌಚ, ಇನ್ನೊಂದು ಕಡೆಗೆ ಅಹಿಂಸೆ. ಎರಡೂ ಯೋಗಶಾಸ್ತ್ರವು ಹೇಳಿದವುಗಳೇ. ಆದರೆ ಪತಂಜಲಿಯು ಶೌಚವನ್ನು ನಿಯಮಗಳ ಮೊದಲಿಗೂ ಅಹಿಂಸೆಯನ್ನು ಯಮಗಳ ಮೊದಲಿಗೂ ಇಟ್ಟನು. ಮತ್ತು ಜಾತಿ ದೇಶ ಕಾಲ ಸಮಯಗಳ ಎಲ್ಲೆ ಹಾಕದೆ ನಡೆಸಿದಾಗ ಮಹಾವ್ರತವಾಗುವದೆಂಬ ಮಾತನ್ನು ಯಮಗಳಿಗೆ ಹೇಳಿದನಲ್ಲದೆ ನಿಯಮಗಳಿಗೆ ಹೇಳಲಿಲ್ಲ. ಆಕಳಿಗೆ ದಯೆ, ಬಾವಲಿಗೆ ಇಲ್ಲ ಎಂಬುವದು ಎಲ್ಲೆ ಹಾಕಿದ ಅಹಿಂಸೆ. ಹಾಗೆಂದು ಚಿತ್ರವನ್ನು ಕೆಡಗೊಡಬೇಕೆಂದಲ್ಲ. ಬಾವಲಿಯನ್ನು ಹೊರಗಿಡಬೇಕಾದಲ್ಲಿ ಇಡಲೇಬೇಕು. ಹೇಗೆ ಎಂಬುವದರಲ್ಲಿಯೇ ಧರ್ಮದ ಮಾತು ಬರುವದು.

ಎಲ್ಲಕ್ಕೂ ಸುಲಭವಾದ ಉಪಾಯವೆಂದರೆ, ಅವು ಸಂಜೆಗೆ ಹಾರಿಹೋದ ಮೇಲೆ ಬಾಗಿಲಿಗೂ ಕಿಂಡಿಗಳಿಗೂ ತಂತಿಯ ಜಾಳಿಗೆ ಬಿಗಿಯುವದು. ಕೋಲಿಲ್ಲ, ಹೊಗೆಯಿಲ್ಲ, ರಕ್ತವಿಲ್ಲ. ಬಿಗಿದವನು ಮನೆಗೆ ಹೋಗಿ ನಿಶ್ಚಿಂತನಾಗಿ ಮಲಗುವನು. ಆದರೆ ವರ್ಷಕ್ಕೆ ಒಂದೇ ಮರಿ ಹಾಕುವ ಜಾತಿಗಳು ಇವುಗಳಲ್ಲಿ ಬಹಳ. ಹಾರಲು ಬಾರದ ಮರಿಯನ್ನು ಛತ್ತಿನಲ್ಲಿ ಬಿಟ್ಟು ತಾಯಿಯು ಮೇವಿಗೆ ಹೋಗಿರುವದು. ಬೆಳಗಿನ ಜಾವಕ್ಕೆ ಹೊರಗೆ ತಾಯಿ, ಒಳಗೆ ಮರಿ, ನಡುವೆ ಜಾಳಿಗೆ. ಹಸಿದು ಸತ್ತ ಆ ಮರಿಗಳನ್ನು ಕೊಂದವರಾರು? ಬಿಗಿದ ಕೂಲಿಯವನಿಗೆ ಮರಿಗಳಿದ್ದದ್ದು ತಿಳಿಯದು. ಬಿಗಿಯೆಂದು ಬರೆದವನು ಆ ಛತ್ತನ್ನು ಕಂಡಿರಲಾರನು. ಕೊಲೆ ನಡೆಯಿತು, ಕೊಂದವನಿಲ್ಲ. ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲವೆಂದು ಸಮಾಧಾನ ಹೇಳುವವರು ಯಾವಾಗಲೂ ಸಿಗುವರು. ತಿಳಿಯುವದಕ್ಕೆ ಒಂದು ದೀಪವನ್ನೆತ್ತಿ ಮೇಲೆ ನೋಡಿದರೆ ಸಾಕಾಗಿದ್ದಾಗ, ನೋಡದೆ ಇದ್ದದ್ದೂ ಒಂದು ಕೃತ್ಯವೇ ಸರಿ.

‘ಬೇರೆಲ್ಲಿಯಾದರೂ ಹೋಗಲಿ’ ಎಂಬ ಮಾತೊಂದುಂಟು. ಎಲ್ಲಿಗೆ? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಬಾರಾಪೆಡೆಯ ಗವಿಗಳಿರುವವು. ಅಲ್ಲಿ 1912ರಲ್ಲಿ ದೊರೆತು, ಮರುವರ್ಷ ಆಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞನು ವರ್ಣಿಸಿ ರಾಟನ್ ಎಂಬವರ ಹೆಸರಿಟ್ಟ ಬಾವಲಿಯು ಬಹುಕಾಲದ ವರೆಗೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಕಾಣಲಿಲ್ಲ. ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಸಿಕ್ಕದ್ದು ಇತ್ತೀಚಿನ ಮಾತು. ಕೋಲಾರದ ಕಡೆಯ ಇನ್ನೊಂದು ಜಾತಿಯನ್ನು 1994ರಲ್ಲಿ ಗುರುತಿಸಿದರು. ಅದು ಈಗ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಇನ್ನೂರರೊಳಗಿನ ಸಂಖ್ಯೆಯಲ್ಲಿ ಉಳಿದಿರುವದು. ಸುತ್ತಲಿನ ಕಲ್ಲುಗಣಿಗಾರಿಕೆಯೇ ಅದಕ್ಕೆ ಕುತ್ತಾಯಿತು. ಬಾಗಲಕೋಟೆ ಇಳಕಲ್ಲುಗಳ ಹಳೆಯ ವಾಡೆಗಳನ್ನು ಸೇರಿದ ಬಾವಲಿಯು ಅಷ್ಟು ವಿರಳವಲ್ಲದಿರಬಹುದು. ಆದರೆ ಪ್ರತಿಯೊಂದು ಊರೂ ಮುಂದಿನ ಊರನ್ನು ತೋರಿಸುತ್ತ ಹೋದರೆ ಕೊನೆಯ ಊರು ಯಾವದು?

ಕಾಯಿದೆಯ ಕಥೆಯೂ ಕೇಳತಕ್ಕದ್ದೇ. 1972ರ ವನ್ಯಜೀವಿ ಕಾಯಿದೆಯು ಹಣ್ಣುಬಾವಲಿಯನ್ನು ಕಾಗೆ ಇಲಿಗಳ ಜೊತೆಗೆ ಉಪದ್ರವಿಗಳ ಪಟ್ಟಿಯಲ್ಲಿ ಹಾಕಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ಐವತ್ತು ವರ್ಷಗಳಲ್ಲಿ ಬಾವಲಿಯೇನೂ ನಡತೆ ತಿದ್ದಿಕೊಂಡಿರಲಿಲ್ಲ.

ಬಾದಾಮಿಯ ನಾಲ್ಕನೆಯ ಗವಿಯು ಜೈನರದು. ಅಲ್ಲಿ ನಿಂತ ಬಾಹುಬಲಿಯ ಮೈಮೇಲೆ ಬಳ್ಳಿ ಹಬ್ಬಿರುವದು, ಕಾಲ ಬಳಿಯಲ್ಲಿ ಹಾವುಗಳಿರುವವು. ಅವುಗಳನ್ನು ಬಿಟ್ಟು ಕಡೆದಿದ್ದರೆ ಶಿಲ್ಪಿಗೆ ಶ್ರಮ ಕಡಿಮೆಯಾಗುತ್ತಿತ್ತು. ಆದರೆ ಅಲುಗದೆ ನಿಂತವನನ್ನು ತೋರಿಸುವದಕ್ಕೆ ಅವೇ ಬೇಕಾದವು.

ಹಳೆಯ ಕಟ್ಟಡದೊಳಗೆ ನೆಲಸಿದ ಮನುಷ್ಯನನ್ನು ಏಳಿಸಬೇಕಾದಾಗ ಸರಕಾರದವರು ನೋಟೀಸು ಕೊಡುವರು, ಮುದ್ದತು ಇಡುವರು, ಆದಷ್ಟು ಮಟ್ಟಿಗೆ ಬದಲಿ ಜಾಗ ತೋರಿಸುವರು. ಬಾವಲಿಗೆ ಮುದ್ದತು ಎಂದರೆ ಮರಿಗಳಿಗೆ ರೆಕ್ಕೆ ಬಲಿಯುವ ವರೆಗಿನ ಕೆಲವು ವಾರಗಳು. ಬದಲಿ ಜಾಗವೆಂದರೆ ಪೂಜೆಯಾಗಲಿ ಚಿತ್ರವಾಗಲಿ ಇಲ್ಲದ ಒಂದು ಕತ್ತಲೆಯ ಕೋಣೆ, ಇಲ್ಲವೆ ಯಾರೂ ನೀರು ಸೇದದ ಒಂದು ಬಾವಿ. ನೋಟೀಸನ್ನು ಮಾತ್ರ ಬಿಡಬಹುದು; ಒಕ್ಕಲಿಗೆ ಓದಲು ಬಾರದು.