ಒಬ್ಬರ ಋಣ, ಇನ್ನೊಬ್ಬರ ಖಾತೆ

ಪ್ರಜೆಗಳ ರಕ್ಷಣೆಯು ಆಳುವವರ ಪ್ರಥಮ ಕರ್ತವ್ಯ. ಆದರೆ ಆ ರಕ್ಷಣೆಗಾಗಿ, ಅಪರಾಧವನ್ನೇ ಮಾಡದವನನ್ನು ಅವನ ಕುಲವನ್ನಷ್ಟೇ ನೋಡಿ ಬಂಧಿಸುವುದು ನ್ಯಾಯವೇ? ಉಮರ್ಗಾ, ನಿಲಂಗಾ, ಉದಗೀರಗಳ ಗಡಿ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ.

1948ರಲ್ಲಿ ಈ ಮೂರೂ ಊರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ರಜಾಕಾರರ ಹಾವಳಿಗೆ ಅಂಜಿ ಜನರು ಮನೆಮಠಗಳನ್ನು ತೊರೆದ ಕಾಲವದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ಬಳಿಕ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೈನಿಕ ಆಡಳಿತವು ಅನೇಕ ಅರಬರನ್ನೂ ಪಠಾಣರನ್ನೂ ಪರಕೀಯರೆಂದು ಬಂಧಿಸಿ, ದೇಶದಿಂದ ಹೊರಗೆ ಕಳುಹಿಸಲು ಉದ್ಯುಕ್ತವಾಯಿತು. ಅವರಲ್ಲಿ ಶಸ್ತ್ರ ಹಿಡಿದವರೂ ಇದ್ದರು. ಆದರೆ ಹಿಂದೆ ನಿಜಾಮರ ಸೇನೆಗೆಂದು ಹದ್ರಮೌತಿನಿಂದ ಬಂದವರ ಸಂತತಿಯಾಗಿ, ಈ ನೆಲದಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು. ಯಾರು ಪೌರರೆಂದು ಹೇಳುವ ಸಂವಿಧಾನದ ವಿಧಿಗಳು ಜಾರಿಗೆ ಬಂದದ್ದು 1949ರ ನವೆಂಬರ್ 26ರಂದು. ಪೌರನಾರೆಂಬುದು ನಿಶ್ಚಯವಾಗುವ ಮುನ್ನವೇ ಪರಕೀಯನಾರೆಂಬುದು ನಿಶ್ಚಯವಾಗಿತ್ತು!

1962ರ ಚೀನಾ ಯುದ್ಧದಲ್ಲಿಯೂ ಹೀಗೆಯೇ ಆಯಿತು. ಅಸ್ಸಾಂ ಮತ್ತು ಬಂಗಾಳದ ಕಡೆಯ ಚೀನಿ ಮೂಲದ ಸುಮಾರು 3,000 ಜನರನ್ನು, ಹೆಂಗಸರು ಮಕ್ಕಳೆನ್ನದೆ, ರಾಜಸ್ಥಾನದ ದೇವಳಿ ಶಿಬಿರದಲ್ಲಿ ಇರಿಸಲಾಯಿತು. ಯುದ್ಧವು ಒಂದು ತಿಂಗಳಲ್ಲಿ ಮುಗಿಯಿತು. ಅನೇಕರ ಬಂಧನವು ವರ್ಷಗಟ್ಟಲೆ ಮುಂದುವರಿಯಿತು.

ಅಪಾಯದ ಗಳಿಗೆಯಲ್ಲಿ ಒಬ್ಬೊಬ್ಬರನ್ನೂ ಪರೀಕ್ಷಿಸಲು ವೇಳೆ ಎಲ್ಲಿದೆ ಎಂದು ಕೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಸಂಶಯ ಬಂದವನನ್ನು ತಡೆದು ನಿಲ್ಲಿಸುವುದು ಅನಿವಾರ್ಯವಾಗಬಹುದು. ಆದರೆ ಬೇಗನೆ ವಿಚಾರಣೆ ನಡೆಸಿ, ನಿರಪರಾಧಿಯನ್ನು ಬಿಡುವುದೂ ಅಷ್ಟೇ ಅನಿವಾರ್ಯ. ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಒಬ್ಬನ ಸಾಲವನ್ನು ಅವನ ಹೆಸರಿನವನೇ ಆದ ಇನ್ನೊಬ್ಬನ ಖಾತೆಗೆ ಬರೆದರೆ ಅದು ಲೆಕ್ಕವಲ್ಲ, ಮೋಸ. ಕುಲಕ್ಕೆ ಕುಲವನ್ನೇ ದಂಡಿಸುವುದೂ ಅಂಥದೇ. ಪ್ರತಿಯೊಂದು ಜೀವವೂ ತನ್ನ ಕರ್ಮದ ಫಲವನ್ನು ತಾನೇ ಉಣ್ಣುತ್ತದೆಂಬ ಜಿನವಾಣಿಯ ತಾತ್ಪರ್ಯವೂ ಇದೇ ಅಲ್ಲವೇ?

ರಜಾಕಾರರಿಂದ ನೊಂದ ಮನೆಗಳಿಗೆ ಈ ಮಾತು ಕಹಿಯೆನಿಸಬಹುದು. ಮನೆ ಸುಟ್ಟವನಿಗೆ ಶಿಕ್ಷೆಯಾಗಲೇಬೇಕು. ಆದರೆ ಅವನ ಭಾಷೆಯನ್ನಾಡುವ ನೆರೆಯವನಿಗೆ ಶಿಕ್ಷೆಯಾದರೆ ನೊಂದವನಿಗೆ ನ್ಯಾಯ ದೊರೆಯುವುದಿಲ್ಲ. ನೊಂದವರ ಸಂಖ್ಯೆ ಮಾತ್ರ ಹೆಚ್ಚುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ಶ್ರಾವಕರು ತಮ್ಮ ಮನೆಯಿಂದಲೇ ಕೊಡಬಲ್ಲರು. ಅಭಯವನ್ನು ರಾಜ್ಯವೂ ಕೊಡಬೇಕು. ಭಯದ ದಿನಗಳಲ್ಲಿಯೂ ನಿರಪರಾಧಿಗೆ ಅಭಯವನ್ನು ನೀಡುವ ರಾಜ್ಯವೇ ನಿಜವಾಗಿ ಸುರಕ್ಷಿತವಾದ ರಾಜ್ಯ.